ಪರದೆಯೇ ಕಣ್ಣಿನ ಬಳಿಗೆ ಬರಲಿ



ಈ ರೇಡಿಯೊ ಸ್ಟುಡಿಯೊದೊಳಗೆ ಬಂದು ಕುರ್ಚಿಯಲ್ಲಿ ಕೂತಾಗ ನಾನು ಮೈಕಿನ ಕಡೆಗೆ ಬಾಗಬೇಕಾಗಲಿಲ್ಲ. ಇಲ್ಲಿನ ತಂತ್ರಜ್ಞರು ಎರಡು ಬೆರಳಲ್ಲಿ ಅದನ್ನು ಹಿಡಿದು ಎಳೆದರು. ಮಡಚಿಕೊಂಡಿದ್ದ ತೋಳು ಬಿಚ್ಚಿಕೊಂಡು ಬಂತು, ಮೈಕು ನನ್ನ ಬಾಯಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅವರು ಕೈಬಿಟ್ಟು ಗಾಜಿನ ಆಚೆಗೆ ಹೋದರು, ಮೈಕು ಅಲ್ಲೇ ನಿಂತಿದೆ. ನಾನು ಬೆನ್ನು ಒರಗಿಸಿಕೊಂಡು, ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು ನಿಮ್ಮ ಜೊತೆ ಮಾತಾಡುತ್ತಿದ್ದೇನೆ. ನಾನು ಹೇಳಬೇಕೆಂದು ಬರೆದುಕೊಂಡು ಬಂದಿರುವುದೂ ಇಂಥದೇ ಒಂದು ತೋಳಿನ ವಿಷಯ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರ ಮೇಜಿಗೆ ಕಚ್ಚಿಸುವ, ಎರಡು ಮಾನಿಟರುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ತೋಳು.

ಮನೆಯೇ ಕಚೇರಿಯಾಗುವುದು ಹೊಸ ಸಂಗತಿ ಎಂದು ಎಲ್ಲರೂ ಹೇಳುತ್ತಾರೆ. ಹಾಗೇನೂ ಇಲ್ಲ. ಮೈಸೂರಿನ ಬಾನುಲಿ ಹುಟ್ಟಿದ್ದೇ ಒಂದು ಮನೆಯಲ್ಲಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಒಂದು ಕೋಣೆ, ಒಂದು ಯಂತ್ರ, ಅದರ ಮುಂದೆ ಕೂತು ದುಡಿಯುವ ಒಂದು ಜೀವ. ಇವತ್ತು ಹಳ್ಳಿಹಳ್ಳಿಯ ಮನೆಗಳಲ್ಲಿ ನಡೆಯುತ್ತಿರುವುದೂ ಇದೇ.

ನನ್ನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯಲ್ಲಿದೆ. ತೆಂಗು, ರಾಗಿ, ನೀರು ಸಿಕ್ಕ ಕಡೆ ಕಬ್ಬು, ಭತ್ತ. 2020ರ ಮಾರ್ಚ್ ಕೊನೆಯ ವಾರ ಕೊರೊನಾದಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ, ಬೆಂಗಳೂರಿನ ಬಾಡಿಗೆ ಕೋಣೆಯಿಂದ ಎರಡು ಬ್ಯಾಗು, ಒಂದು ಲ್ಯಾಪ್‌ಟಾಪು ತೆಗೆದುಕೊಂಡು ಊರಿಗೆ ಬಂದವರಲ್ಲಿ ನಾನೂ ಒಂದು ತಲೆ. ಹದಿನೈದು ದಿನದಲ್ಲಿ ವಾಪಸು ಹೋಗುತ್ತೇವೆ ಅಂದುಕೊಂಡಿದ್ದೆವು. ಆ ವರ್ಷ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯೇ ನಿಯಮ ಸಡಿಲಿಸಿ, ಐಟಿ ಸೇವೆಗಳ ನೌಕರರು ಮನೆಯಿಂದ, ಎಲ್ಲಿಂದ ಬೇಕಾದರೂ ದುಡಿಯಲು ದಾರಿ ಮಾಡಿಕೊಟ್ಟಿತು. ಕೆಲವರು ವಾಪಸು ಹೋದರು. ನಮ್ಮಲ್ಲಿ ಕೆಲವರು ಇಲ್ಲೇ ಉಳಿದೆವು.

ನನ್ನ ಕೆಲಸ ಅನುವಾದ ಮತ್ತು ಕರಡು ತಿದ್ದುವುದು. ಯಂತ್ರಗಳ ಕೈಪಿಡಿ, ಔಷಧಿಯ ಮಾಹಿತಿ ಚೀಟಿ, ಬ್ಯಾಂಕಿನ ಅರ್ಜಿ ನಮೂನೆ, ಹೀಗೆ ಜನ ಓದಲೇಬೇಕಾದ ಬರಹಗಳನ್ನು ಕನ್ನಡಕ್ಕೆ ತರುತ್ತೇನೆ. ಒಂದು ಪರದೆಯಲ್ಲಿ ಮೂಲ, ಇನ್ನೊಂದರಲ್ಲಿ ಕನ್ನಡ. ದಿನಕ್ಕೆ ಎಂಟು ಗಂಟೆ ಕಣ್ಣು ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಅದರಲ್ಲೂ ಕನ್ನಡ ಕರಡು ತಿದ್ದುವವರಿಗೆ ಒಂದು ವಿಶೇಷ ಕಷ್ಟ ಇದೆ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಸೀಳು ಗೆರೆ. ಎಳ್ಳಿನ ಕಾಳಿಗಿಂತ ಚಿಕ್ಕದು. ಅದರ ಕೆಳಗೆ ಒತ್ತು, ಒತ್ತಿನ ಪಕ್ಕ ದೀರ್ಘ. ಆ ಗೆರೆ ಇದೆಯೋ ಇಲ್ಲವೋ ನೋಡಲು ನಮಗೇ ತಿಳಿಯದಂತೆ ಗದ್ದ ಮುಂದೆ ಹೋಗುತ್ತದೆ, ಬೆನ್ನು ಗೂನಾಗುತ್ತದೆ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗುತ್ತೇವೆ. ಸಂಜೆ ಎದ್ದು ನಿಂತರೂ ಕುತ್ತಿಗೆ ನೆಟ್ಟಗಾಗಲು ಒಪ್ಪುವುದಿಲ್ಲ.

ಊರಿಗೆ ಬಂದ ಮೊದಲ ವರ್ಷ ಅಡಿಗೆಮನೆ ಪಕ್ಕದ ಕೋಣೆಯಲ್ಲಿ ಊಟದ ಮೇಜಿನ ಮೇಲೆ ಎರಡು ಮಾನಿಟರು ಸಾಲಾಗಿ ಇಟ್ಟುಕೊಂಡಿದ್ದೆ. ಅವುಗಳ ಜೊತೆ ಬಂದ ಪ್ಲಾಸ್ಟಿಕ್ ಕಾಲು ಗಿಡ್ಡ. ತಲೆ ತಗ್ಗಿಸಿಯೇ ನೋಡಬೇಕು. ಆರು ತಿಂಗಳಿಗೆ ಬಲಭುಜದಿಂದ ಕಿವಿಯ ಹಿಂದಿನವರೆಗೆ ಒಂದು ನೋವು ಹಗ್ಗದ ಹಾಗೆ ಬಿಗಿಯತೊಡಗಿತು. ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರ. ಅಮ್ಮ ಎಣ್ಣೆ ಕಾಯಿಸಿ ಹಚ್ಚುತ್ತಾ, “ಗದ್ದೆ ನಾಟಿ ಮಾಡೋರ್ಗೂ ಇಂಗೆ ಸೊಂಟ ಇಡ್ಕಳಲ್ವಲ್ಲ, ನೆರಳಲ್ ಕುಂತ್ಕಂಡು ನಿಂಗೇನಾಯ್ತು” ಅಂದಳು. ಅವಳಿಗೆ ನಿಜವಾದ ಚಿಂತೆ. ಕೃಷ್ಣರಾಜಪೇಟೆಯಲ್ಲಿ ತೋರಿಸಿದ ವೈದ್ಯರು ಮಾತ್ರೆ ಬರೆದುಕೊಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಪರದೆ ಎಷ್ಟು ಎತ್ತರದಲ್ಲಿದೆ?”

ದೊಡ್ಡವರ ತಲೆಯ ತೂಕ ಐದು ಕೆಜಿಯ ಆಸುಪಾಸು. ಕುತ್ತಿಗೆ ನೆಟ್ಟಗಿದ್ದಾಗ ಬೆನ್ನೆಲುಬು ಆ ಐದು ಕೆಜಿಯನ್ನು ಹೊರುತ್ತದೆ, ಕಂಬ ತೊಲೆಯನ್ನು ಹೊತ್ತ ಹಾಗೆ. ತಲೆ ಮುಂದಕ್ಕೆ ಬಾಗಿದರೆ ಕಂಬದ ಲೆಕ್ಕ ಮುಗಿಯಿತು, ಸನ್ನೆಯ ಲೆಕ್ಕ ಶುರು. ನ್ಯೂಯಾರ್ಕಿನ ಬೆನ್ನೆಲುಬಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಅವರು 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರ ಮೇಲೆ ಈ ಲೆಕ್ಕ ಮಾಡಿ ಪ್ರಕಟಿಸಿದರು. ಬಾಗು 15 ಡಿಗ್ರಿ ಆದರೆ ಕುತ್ತಿಗೆಯ ಮೇಲೆ ಬೀಳುವ ಭಾರ ಸುಮಾರು 12 ಕೆಜಿ, 30 ಡಿಗ್ರಿಗೆ 18 ಕೆಜಿ, 60 ಡಿಗ್ರಿಗೆ 27 ಕೆಜಿ. ಅದು ಮಾದರಿಯ ಲೆಕ್ಕ, ಒಬ್ಬೊಬ್ಬರ ಮೈಯಲ್ಲಿ ಒಂದೊಂದು ತೆರನಾಗಿ ಇರಬಹುದು. ಆದರೂ 25 ಕೆಜಿ ಅಕ್ಕಿ ಚೀಲವನ್ನು ಕತ್ತಿನ ಮೇಲಿಟ್ಟುಕೊಂಡು ಬೆಳಗಿಂದ ಬೈಗಿನವರೆಗೆ ಕೂರುವುದನ್ನು ಒಮ್ಮೆ ಊಹಿಸಿಕೊಳ್ಳಿ. ಗದ್ದೆಯಲ್ಲಿ ಬಾಗಿದವರು ಒಂದು ಸಾಲು ಮುಗಿದಾಗ ಎದ್ದು ಸೊಂಟ ಹಿಂದಕ್ಕೆ ಚಾಚುತ್ತಾರೆ, ನಾಲ್ಕು ಮಾತಾಡುತ್ತಾರೆ, ನೀರು ಕುಡಿಯುತ್ತಾರೆ. ಪರದೆಯ ಮುಂದೆ ಕೂತವರಿಗೆ ಸಾಲು ಮುಗಿಯುವುದೇ ಇಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಅದು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಉಪಾಯ. ಹಿತ್ತಿಲಲ್ಲಿ ಉಳಿದಿದ್ದ ಇಟ್ಟಿಗೆ ತಂದು, ಹಳೆಯ ಪತ್ರಿಕೆ ಸುತ್ತಿ, ಒಂದೊಂದು ಮಾನಿಟರಿನ ಕೆಳಗೆ ಎರಡೆರಡು ಇಟ್ಟೆ. ಕುತ್ತಿಗೆ ನೋವು ಅರ್ಧ ಇಳಿಯಿತು. ಯಾರಿಗಾದರೂ ದುಡ್ಡಿನ ಕಷ್ಟ ಇದ್ದರೆ ಇದನ್ನೇ ಮಾಡಿ, ಏನೂ ತಪ್ಪಿಲ್ಲ. ಆದರೆ ಇಟ್ಟಿಗೆಯ ಮೇಲೆ ಕೂತ ಪರದೆ ಎತ್ತರಕ್ಕೆ ಬಂತೇ ಹೊರತು ಹತ್ತಿರಕ್ಕೆ ಬರಲಿಲ್ಲ. ಒತ್ತಕ್ಷರ ನೋಡಲು ಮತ್ತೆ ನಾನೇ ಬಾಗಬೇಕಿತ್ತು. ಮಧ್ಯಾಹ್ನ ಪಡುವಣ ಕಿಟಕಿಯ ಬಿಸಿಲು ಪರದೆಗೆ ಹೊಡೆದಾಗ ಅದನ್ನು ತಿರುಗಿಸಲು ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಮೇಜು ಖಾಲಿ ಮಾಡಬೇಕೆಂದರೆ ಇಟ್ಟಿಗೆ ಸಮೇತ ಎತ್ತಬೇಕು.

ಆಗ ತರಿಸಿದ್ದು ಈ ತೋಳು.

ರೇಡಿಯೊದಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ, ಆದ್ದರಿಂದ ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಭುಜ, ಮೊಣಕೈ, ಮಣಿಕಟ್ಟು. ಈ ಸಾಧನದಲ್ಲಿ ಮೂರೂ ಇವೆ. ಮೇಜಿನ ಹಿಂದಿನ ಅಂಚಿಗೆ ಕಚ್ಚುವ ಕಬ್ಬಿಣದ ಹಿಡಿ ಇದೆ, ಬಡಗಿಯ ಕ್ಲಾಂಪಿನ ಹಾಗೆ ಕೆಳಗಿನಿಂದ ತಿರುಪು ಬಿಗಿಯುವುದು. ಅದರ ಮೇಲೆ ಗಿಡ್ಡ ಕಂಬ. ಕಂಬದಿಂದ ಎರಡು ತೋಳು. ಒಂದೊಂದು ತೋಳೂ ಭುಜದಲ್ಲಿ ಸುತ್ತುತ್ತದೆ, ಮೊಣಕೈಯಲ್ಲಿ ಮಡಚುತ್ತದೆ, ಮಣಿಕಟ್ಟಿನಲ್ಲಿ ಪರದೆಯನ್ನು ಹಿಡಿದು ಮೇಲೆ, ಕೆಳಗೆ, ಪಕ್ಕಕ್ಕೆ ತಿರುಗಿಸುತ್ತದೆ, ಬೇಕೆಂದರೆ ಅಡ್ಡ ಪರದೆಯನ್ನು ಉದ್ದಕ್ಕೂ ನಿಲ್ಲಿಸುತ್ತದೆ. ನನ್ನ ಬಲಗಡೆಯ ಪರದೆ ಈಗ ಉದ್ದಕ್ಕೇ ನಿಂತಿದೆ, ಕಾಗದದ ಪುಟದ ಹಾಗೆ. ಕರಡು ತಿದ್ದುವವರು ಒಮ್ಮೆ ಹೀಗೆ ನಿಲ್ಲಿಸಿ ನೋಡಿ. ಇಡೀ ಪುಟ ಒಂದೇ ನೋಟಕ್ಕೆ ಸಿಗುತ್ತದೆ, ಅಕ್ಷರವೂ ದೊಡ್ಡದಾಗಿರುತ್ತದೆ.

ನಾಲ್ಕು ಕೆಜಿ ತೂಗುವ ಪರದೆ ಕೈಬಿಟ್ಟರೂ ಬೀಳದೆ ನಿಲ್ಲುವುದು ಹೇಗೆ? ಹಿಂದೆ ಬಾವಿಗಳ ಮೇಲಿದ್ದ ಏತ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಉದ್ದನೆಯ ಮರದ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಎರಡೂ ತೂಗಿಕೊಂಡಾಗ ಒಂದು ಕೈಯಲ್ಲಿ ನೀರೆತ್ತಬಹುದು. ಮಾನಿಟರ್ ತೋಳಿನಲ್ಲಿ ಕಲ್ಲಿನ ಬದಲು ಸ್ಪ್ರಿಂಗು ಇರುತ್ತದೆ. ಹಲವು ತೋಳುಗಳಲ್ಲಿ ಅದು ಗ್ಯಾಸ್ ಸ್ಪ್ರಿಂಗು. ಬೆರಳು ದಪ್ಪದ ಉಕ್ಕಿನ ಕೊಳವೆಯಲ್ಲಿ ಒತ್ತಡದ ಸಾರಜನಕ ತುಂಬಿ ಮುಚ್ಚಿರುತ್ತಾರೆ. ಅದು ಒಳಗಿನ ದಂಡವನ್ನು ಸದಾ ಹೊರಕ್ಕೆ ತಳ್ಳುತ್ತಾ ತೋಳನ್ನು ಮೇಲಕ್ಕೆ ಒತ್ತುತ್ತದೆ. ಪರದೆಯ ತೂಕ ಕೆಳಕ್ಕೆ ಎಳೆಯುತ್ತದೆ. ಎರಡೂ ಸರಿಸಮ ಆದ ಕಡೆ ಪರದೆ ನಿಲ್ಲುತ್ತದೆ. ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವುದೂ ಇದೇ ಬಗೆಯ ಕೊಳವೆ. ತೋಳನ್ನು ಸ್ಪ್ರಿಂಗಿನಿಂದ ತೂಗಿಸಿ ಎಲ್ಲೆಂದರಲ್ಲಿ ನಿಲ್ಲಿಸುವ ಉಪಾಯಕ್ಕೆ ಹೆಸರು ತಂದವರು ಇಂಗ್ಲೆಂಡಿನ ಬಾತ್ ಊರಿನ ಎಂಜಿನಿಯರು ಜಾರ್ಜ್ ಕಾರ್ವರ್ಡೀನ್. ಕಾರುಗಳ ಸ್ಪ್ರಿಂಗಿನ ಕೆಲಸ ಬಲ್ಲವರು. 1932ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದ ಮೇಜಿನ ದೀಪವೇ ಮುಂದೆ ಆ್ಯಂಗಲ್‌ಪಾಯ್ಸ್ ಎಂದು ಲೋಕಪ್ರಸಿದ್ಧವಾಯಿತು. ಈ ಸ್ಟುಡಿಯೊದ ಮೈಕು, ದಂತವೈದ್ಯರ ಕುರ್ಚಿಯ ದೀಪ, ನನ್ನ ಮೇಜಿನ ಪರದೆ, ಎಲ್ಲವೂ ಆ ಉಪಾಯದ ಸಂಬಂಧಿಕರೇ.

ಈಗ ಒಂದು ನಷ್ಟದ ಕಥೆ ಹೇಳಬೇಕು, ಏಕೆಂದರೆ ಅದು ನಿಮಗೆ ಆಗಬಾರದು.

ತೋಳು ಬರುವ ಮೊದಲು ‘ಕಂಪ್ಯೂಟರ್ ಟೇಬಲ್’ ಎಂದು ಒಂದು ಮೇಜನ್ನು ಅಂಗಡಿಯಿಂದ ತಂದಿದ್ದೆ. ಮೇಲೆ ಮರದ ಬಣ್ಣದ ಹಾಳೆ, ಒಳಗೆ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಹಲಗೆ. ಅದರ ಅಂಚಿಗೆ ಹಿಡಿ ಬಿಗಿದು, ಎರಡೂ ಪರದೆ ಏರಿಸಿ, ಸಂತೋಷದಿಂದ ಮುಂದಕ್ಕೆ ಎಳೆದುಕೊಂಡೆ. ಮೊದಲ ದಿನ ಸರಿ ಇತ್ತು. ಮೂರನೇ ದಿನ ಮೇಜಿನ ಹಿಂದಿನಿಂದ ಸಣ್ಣಗೆ ಬಿಸ್ಕತ್ತು ಮುರಿದ ಹಾಗೆ ಸದ್ದಾಯಿತು. ಬಗ್ಗಿ ನೋಡಿದರೆ ಹಿಡಿಯ ಕೆಳಗಿನ ಬಿಲ್ಲೆ ಹಲಗೆಯೊಳಗೆ ಅರ್ಧ ಬೆರಳು ಇಳಿದುಹೋಗಿದೆ, ಹೊಟ್ಟು ನೆಲದ ಮೇಲೆ ಉದುರಿದೆ, ಕಂಬ ಮುಂದಕ್ಕೆ ವಾಲಿದೆ. ಎರಡು ಕೈಯಲ್ಲಿ ಎರಡು ಪರದೆ ಹಿಡಿದುಕೊಂಡು ತಮ್ಮನನ್ನು ಕೂಗಿದೆ.

ತಪ್ಪು ತೋಳಿನದಲ್ಲ. ಲೆಕ್ಕ ನೋಡಿ. ಒಂದೊಂದು ಪರದೆ ನಾಲ್ಕು ಕೆಜಿ. ಅದು ಕಂಬದಿಂದ ಅರ್ಧ ಮೀಟರ್ ಮುಂದೆ ಚಾಚಿಕೊಂಡಿದೆ. ಎರಡು ಸೇರಿ ಎಂಟು ಕೆಜಿ, ಮೇಲೆ ತೋಳಿನ ತೂಕ. ಇಷ್ಟೂ ಭಾರ ಸನ್ನೆಯ ಹಾಗೆ ಮೀಟುವುದು ಅಂಗೈ ಅಗಲದ ಒಂದು ಜಾಗವನ್ನು. ಹೊಟ್ಟಿನ ಹಲಗೆ ಅದನ್ನು ತಾಳುವುದಿಲ್ಲ. ತಾಳಬೇಕೆಂದರೆ ಹಿಡಿಯ ಮೇಲೂ ಕೆಳಗೂ ಕಬ್ಬಿಣದ ಅಗಲ ತಗಡು ಕೊಡಬೇಕು, ಭಾರ ಹರಡುವ ಹಾಗೆ. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ತುಂಡು ಕತ್ತರಿಸಿಕೊಡುತ್ತಾರೆ. ಗಾಜಿನ ಮೇಜಿಗೆ ಮಾತ್ರ ಯಾವ ತಗಡು ಕೊಟ್ಟೂ ಹಾಕಬೇಡಿ.

ನಾನು ಅಟ್ಟದ ಕೆಳಗೆ ಬಿದ್ದಿದ್ದ ಅಪ್ಪನ ಹಲಸಿನ ಮೇಜನ್ನು ಹೊರಗೆ ತೆಗೆಸಿದೆ. ಹಲಗೆ ಒಂದೂವರೆ ಅಂಗುಲ ದಪ್ಪ. ಬಡಗಿ ಬಂದು ಅದರ ಹಿಂದಿನ ಪಟ್ಟಿಯನ್ನು ಒಂದು ಗೇಣಿನಷ್ಟು ಕೊರೆದು, ಹಿಡಿ ಕೂರಲು ಜಾಗ ಮಾಡಿಕೊಟ್ಟರು. ನೋಡಿ, ಹಳೆಯ ಮೇಜುಗಳಲ್ಲಿ ಹಲಗೆಯ ಕೆಳಗೆ ಸುತ್ತ ಪಟ್ಟಿ ಇರುತ್ತದೆ. ಹಲಗೆಯ ದಪ್ಪ ಅಳೆದು ಪಟ್ಟಿಯನ್ನು ಮರೆತರೆ ಹಿಡಿ ಕಚ್ಚುವುದೇ ಇಲ್ಲ. ಮೇಜಿನ ಕಾಲು ಗಾರೆ ನೆಲದ ಮೇಲೆ ಕುಂಟುತ್ತಿತ್ತು. ಮೇಜು ಒಂದು ಕೂದಲೆಳೆ ಅಲುಗಾಡಿದರೆ ತೋಳಿನ ತುದಿಯಲ್ಲಿ ಪರದೆ ಬೆರಳಗಲ ತೂಗುತ್ತದೆ, ಒಂದೊಂದು ಅಕ್ಷರ ಒತ್ತಿದಾಗಲೂ ನಡುಗುತ್ತದೆ. ಕಾಲಿಗೆ ಮರದ ಬೆಣೆ ಕೊಟ್ಟ ಮೇಲೆ ನಿಂತಿತು. ಗೋಡೆಗೇ ತೋಳು ಹಾಕಬಹುದಿತ್ತಲ್ಲ ಎಂದು ಕೇಳಬಹುದು. ನಮ್ಮದು ಮಣ್ಣಿನ ಗೋಡೆ. ಕ್ಯಾಲೆಂಡರಿನ ಮೊಳೆಯೇ ಎರಡು ವರ್ಷಕ್ಕೆ ಸಡಿಲವಾಗುತ್ತದೆ. ಹಳ್ಳಿಯ ಹಳೆಯ ಮನೆಗಳಿಗೆ ಮೇಜಿಗೆ ಕಚ್ಚುವ ತೋಳೇ ಸರಿ.

ಕೊಳ್ಳುವ ಮೊದಲು ಮಾನಿಟರಿನ ಬೆನ್ನನ್ನೂ ನೋಡಬೇಕು. ನಾಲ್ಕು ತಿರುಪಿನ ತೂತು ಚೌಕವಾಗಿ ಇರುತ್ತವೆ. ತೂತಿನಿಂದ ತೂತಿಗೆ 75 ಮಿಲಿಮೀಟರ್ ಅಥವಾ 100 ಮಿಲಿಮೀಟರ್. ವಿಡಿಯೊ ಎಲೆಕ್ಟ್ರಾನಿಕ್ಸ್ ಸ್ಟಾಂಡರ್ಡ್ಸ್ ಅಸೋಸಿಯೇಷನ್ ಎಂಬ ಸಂಘ ಗೊತ್ತುಮಾಡಿದ ಅಳತೆ ಇದು. ಅದರ ಹೆಸರಿನ ಮೊದಲಕ್ಷರ ಸೇರಿಸಿ ಅಂಗಡಿಯವರು ‘ವೆಸಾ’ ಅನ್ನುತ್ತಾರೆ. ಯಾವ ಕಂಪನಿಯ ಪರದೆಯೂ ಯಾವ ಕಂಪನಿಯ ತೋಳಿಗೂ ಕೂರುವುದು ಈ ಒಪ್ಪಂದದಿಂದ. ಕೆಲವು ಅಗ್ಗದ ಮಾನಿಟರುಗಳಲ್ಲಿ ಈ ತೂತೇ ಇರುವುದಿಲ್ಲ. ತೂಕ ನೋಡುವಾಗ ಕಾಲನ್ನು ಬಿಟ್ಟು ಬರೀ ಪರದೆಯ ತೂಕ ನೋಡಿ. ತೋಳಿನ ಡಬ್ಬದ ಮೇಲೆ ಎರಡು ಅಂಕಿ ಇರುತ್ತವೆ, ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು. ಜನ ಎರಡನೆಯದನ್ನು ಮಾತ್ರ ನೋಡುತ್ತಾರೆ. ಪರದೆ ತೀರ ಹಗುರವಾದರೂ ಕಷ್ಟವೇ, ಸ್ಪ್ರಿಂಗು ಅದನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ತೋಳನ್ನು ಮಡಚಿ ಪರದೆಯನ್ನು ಹಿಂದಕ್ಕೆ ತಳ್ಳಿದಾಗ ಮೊಣಕೈ ಮೇಜಿನ ಹಿಂದಕ್ಕೆ ಚಾಚುತ್ತದೆ. ಮೇಜು ಗೋಡೆಗೆ ಅಂಟಿಕೊಂಡಿದ್ದರೆ ಮೊಣಕೈಗೆ ಜಾಗವಿಲ್ಲ. ಒಂದು ಗೇಣಾದರೂ ಬಿಡಿ.

ತೋಳನ್ನು ತೂಗಿಸುವ ಕೆಲಸ ನನಗೆ ಬಹಳ ಇಷ್ಟವಾಯಿತು. ಡಬ್ಬದಲ್ಲಿ ಎಲ್ ಆಕಾರದ ಆರುಮೂಲೆ ಕೀಲಿ ಇರುತ್ತದೆ, ಅಲೆನ್ ಕೀ. ಪರದೆ ಹಾಕಿದ ಮೇಲೆ ಅದನ್ನು ನಡುಮಟ್ಟದಲ್ಲಿ ಹಿಡಿದು ಮೆಲ್ಲಗೆ ಕೈ ಸಡಿಲಿಸಿದೆ. ಕೆರೆಗೆ ಇಳಿಯುವ ಎಮ್ಮೆಯ ಹಾಗೆ ನಿಧಾನವಾಗಿ ಕೆಳಗಿಳಿಯಿತು. ಬಲ ಸಾಲದು ಎಂದರ್ಥ. ತೋಳಿನ ಬುಡದ ತಿರುಪಿಗೆ ಕೀಲಿ ಹಾಕಿ, ಕೂಡು ಚಿಹ್ನೆಯ ಬಾಣದ ಕಡೆಗೆ ನಾಲ್ಕು ಸುತ್ತು ತಿರುಗಿಸಿದೆ. ಮತ್ತೆ ಬಿಟ್ಟೆ. ಈಗ ತಾನೇ ಮೇಲೇರಿತು. ಒಂದು ಸುತ್ತು ಹಿಂದಕ್ಕೆ. ಮತ್ತೆ ಅರ್ಧ ಸುತ್ತು. ಆಮೇಲೆ ಕೈಬಿಟ್ಟಾಗ ಪರದೆ ಬಿಟ್ಟಲ್ಲೇ ನಿಂತಿತು, ಬೆರಳ ತುದಿಯಿಂದ ಒತ್ತಿದರೆ ಇಳಿಯಿತು, ಎತ್ತಿದರೆ ಏರಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, “ತಕ್ಕಡಿ ಮುಳ್ಳು ನಿಂತಂಗ್ ನಿಂತ್ಕತಲ್ಲ” ಅಂದಳು. ಅದಕ್ಕಿಂತ ಸರಿಯಾದ ವಿವರಣೆ ಯಾವ ಕೈಪಿಡಿಯಲ್ಲೂ ಇಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ನೆನಪಿಟ್ಟುಕೊಳ್ಳಿ. ತೋಳು ಕೆಳಗಿದ್ದಾಗ ಪರದೆಯನ್ನು ಕಳಚಬೇಡಿ. ತೂಗಿ ಹಿಡಿದ ಭಾರ ಹೋದ ತಕ್ಷಣ ಸ್ಪ್ರಿಂಗಿನ ಬಲವೆಲ್ಲ ಒಮ್ಮೆಗೇ ಮೇಲಕ್ಕೆ ಹಾರುತ್ತದೆ. ನಮ್ಮ ಮನೆಯಲ್ಲಿ ತಮ್ಮ ಹೀಗೆ ಕಳಚಿದಾಗ ತೋಳಿನ ತುದಿಯ ಕಬ್ಬಿಣ ಅವನ ಹುಬ್ಬಿನ ಮುಂದೆ ಬೆರಳಗಲ ದೂರದಲ್ಲಿ ಹಾದುಹೋಯಿತು. ತೋಳನ್ನು ತೀರ ಮೇಲಕ್ಕೆ ಎತ್ತಿಟ್ಟು, ಆಮೇಲೆ ಕಳಚಬೇಕು. ಗ್ಯಾಸ್ ಕೊಳವೆಯನ್ನು ಬಿಚ್ಚುವುದು, ಕೊರೆಯುವುದು, ಕಾಯಿಸುವುದು ಖಂಡಿತ ಕೂಡದು. ವೈರುಗಳನ್ನು ತೋಳಿಗೆ ಕಟ್ಟುವಾಗ ಮೊಣಕೈಯ ಹತ್ತಿರ ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ಪರದೆ ಎತ್ತಿದಾಗ ವೈರು ಕಿತ್ತು ಬರುತ್ತದೆ. ಹಳ್ಳಿಯ ಮನೆಗೆ ಇನ್ನೊಂದು ಲಾಭ ಇದೆ: ವೈರುಗಳು ಮೇಜಿನ ಹಿಂದೆ ನೆಲದ ಮೇಲೆ ಗೊಂಚಲಾಗಿ ಬೀಳದೆ ತೋಳಿನ ಉದ್ದಕ್ಕೇ ಓಡುವುದರಿಂದ ಇಲಿಯ ಹಲ್ಲಿಗೆ ಸಿಗುವುದು ಕಡಿಮೆ.

ಇನ್ನು ಪರದೆ ಎಲ್ಲಿ ನಿಲ್ಲಬೇಕು? ನೇರ ಕೂತು ಕಣ್ಣು ಮುಚ್ಚಿ ತೆರೆಯಿರಿ. ನೋಟ ಬೀಳುವ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಕೆಳಗೆ, ಪರದೆಯ ಮೇಲಂಚು ಬರಲಿ. ಆಗ ಪರದೆಯ ನಡುವನ್ನು ಕಣ್ಣು ಸ್ವಲ್ಪ ಕೆಳಮುಖವಾಗಿ ನೋಡುತ್ತದೆ. ರೆಪ್ಪೆ ಕಣ್ಣನ್ನು ಅಷ್ಟಿಷ್ಟು ಮುಚ್ಚಿಕೊಳ್ಳುವುದರಿಂದ ಕಣ್ಣು ಬೇಗ ಒಣಗುವುದಿಲ್ಲ. ದೂರ ಎಂದರೆ ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು. ನಮ್ಮ ಅಪ್ಪನಂತೆ ಎರಡು ಭಾಗದ ಕನ್ನಡಕ ಹಾಕುವವರು ಪರದೆಯನ್ನು ಇನ್ನೂ ಇಳಿಸಿ, ಮೇಲಂಚನ್ನು ಹಿಂದಕ್ಕೆ ವಾಲಿಸಬೇಕು. ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ಓದಲು ಗದ್ದ ಮೇಲೆತ್ತಿ ಕುತ್ತಿಗೆಯ ಹಿಂಭಾಗ ನೋಯಿಸಿಕೊಳ್ಳುತ್ತಾರೆ. ಎರಡು ಪರದೆಯನ್ನೂ ಸಮವಾಗಿ ಬಳಸುವವರು ಎರಡರ ಅಂಚು ಮೂಗಿನ ನೇರಕ್ಕೆ ಕೂಡುವಂತೆ, ಅರೆತೆರೆದ ಪುಸ್ತಕದ ಹಾಗೆ ನಿಲ್ಲಿಸಬೇಕು. ಒಂದೇ ಮುಖ್ಯವಾದರೆ ಅದು ನೇರ ಎದುರಿಗೆ, ಇನ್ನೊಂದು ಪಕ್ಕದಲ್ಲಿ ನಮ್ಮ ಕಡೆ ಮುಖ ಮಾಡಿ. ನಾನು ಮೊದಲು ಕನ್ನಡದ ಪರದೆಯನ್ನು ಬಲಮೂಲೆಯಲ್ಲಿಟ್ಟು ದಿನವಿಡೀ ಬಲಕ್ಕೇ ಕತ್ತು ತಿರುಗಿಸಿಕೊಂಡಿರುತ್ತಿದ್ದೆ. ಬಲಭುಜದ ಆ ಹಗ್ಗದ ನೋವಿಗೆ ಅದೂ ಒಂದು ಕಾರಣ. ಕಿಟಕಿ ಪರದೆಯ ಎದುರಿಗೂ ಬೇಡ, ಹಿಂದೆಯೂ ಬೇಡ, ಪಕ್ಕಕ್ಕಿರಲಿ. ನನಗೆ ತೋಳು ಕೊಟ್ಟ ದೊಡ್ಡ ಸುಖ ಅಕ್ಷರದ ಆ ಸೀಳು ಗೆರೆಯದು. ‘ಧ’ವೋ ‘ದ’ವೋ ಎಂದು ಅನುಮಾನ ಬಂದ ಕೂಡಲೇ ಎಡಗೈ ತಾನಾಗಿ ಹೋಗಿ ಪರದೆಯನ್ನು ನಾಲ್ಕು ಬೆರಳು ಹತ್ತಿರಕ್ಕೆ ಎಳೆಯುತ್ತದೆ. ನೋಡಿದ ಮೇಲೆ ಹಿಂದಕ್ಕೆ ತಳ್ಳುತ್ತದೆ. ಬೆನ್ನು ಕುರ್ಚಿ ಬಿಟ್ಟು ಬರುವುದಿಲ್ಲ.

ಇದನ್ನೆಲ್ಲ ಹೊರಗಿನಿಂದ ಬಂದ ನಾಜೂಕು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅಪ್ಪನ ಮೇಜು ಹೊರಗೆ ತೆಗೆಸುವಾಗ ಅಟ್ಟದ ಕೆಳಗೆ ತಾತನ ವ್ಯಾಸಪೀಠ ಸಿಕ್ಕಿತು. ಒಂದೇ ಹಲಗೆಯನ್ನು ಸೀಳಿ ಒಂದರೊಳಗೊಂದು ಹೆಣೆದ, ಕತ್ತರಿಯಂತೆ ತೆರೆಯುವ ಮಣೆ. ಶ್ರಾವಣದಲ್ಲಿ ತಾತ ಪಡಸಾಲೆಯ ಕಂಬಕ್ಕೆ ಒರಗಿ, ಅದರ ಮೇಲೆ ಜೈಮಿನಿ ಭಾರತ ತೆರೆದಿಟ್ಟು ಗಂಟೆಗಟ್ಟಲೆ ಓದುತ್ತಿದ್ದರಂತೆ. ಗ್ರಂಥವನ್ನು ನೆಲದ ಮೇಲಿಟ್ಟು ಬಾಗಿ ಓದಿದ್ದರೆ ದನಿ ಹೊರಡುತ್ತಿರಲಿಲ್ಲ, ಎದೆ ಮಡಚಿಕೊಳ್ಳುತ್ತಿತ್ತು. ಗೌರವಕ್ಕಾಗಿ ಪೀಠ ಎನ್ನುತ್ತೇವೆ, ಸರಿ. ಆದರೆ ಆ ಮಣೆ ಓದುವವರ ಕುತ್ತಿಗೆಯನ್ನೂ ಬಲ್ಲ ಬಡಗಿ ಮಾಡಿದ್ದು. ನಮ್ಮ ಪಕ್ಕದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಮಗ್ಗದ ಸದ್ದು ಕೇಳಿದವರಿದ್ದೀರಿ. ಗುಣಿಮಗ್ಗದಲ್ಲಿ ನೇಕಾರ ನೆಲದ ಅಂಚಿನಲ್ಲಿ ಕೂತು ಕಾಲನ್ನು ಗುಣಿಯೊಳಗೆ ಇಳಿಬಿಡುತ್ತಾನೆ. ನೇಯುವ ಬಟ್ಟೆ ಅವನ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ, ಎಳೆ ಕಡಿದರೆ ಕೈಯಳತೆಯಲ್ಲೇ ಸಿಗುತ್ತದೆ. ನೆಲವನ್ನು ಅಗೆದಾದರೂ ಸರಿ, ಕೆಲಸವನ್ನು ಮನುಷ್ಯನ ಮೈಗೆ ಹೊಂದಿಸಿದ ಊರುಗಳು ಇವು. ನಮ್ಮ ಕಾಲಕ್ಕೆ ಬಂದು, ಕಂಪ್ಯೂಟರಿನ ಡಬ್ಬದಲ್ಲಿ ಬಂದ ಗಿಡ್ಡ ಕಾಲಿಗೆ ನಮ್ಮ ಬೆನ್ನನ್ನು ಹೊಂದಿಸಿಕೊಂಡೆವು. ನನಗೆ ಬೇಸರ ತರಿಸುವುದು ಅದೇ.

ಎಲ್ಲರಿಗೂ ಈ ತೋಳು ಬೇಕೆಂದು ನಾನು ಹೇಳುವುದಿಲ್ಲ. ಒಂದೇ ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ಒಂದು ಗಂಟೆ ಕೆಲಸ ಮಾಡುವವರಿಗೆ ನಾಲ್ಕು ದಪ್ಪ ಪುಸ್ತಕ, ಒಂದು ಬೇರೆ ಕೀಲಿಮಣೆ ಸಾಕು. ಎಂಟು ಗಂಟೆ ಎರಡು ಪರದೆ ನೋಡುವವರಿಗೆ, ಒಂದೇ ಮೇಜನ್ನು ಮನೆಯಲ್ಲಿ ಇಬ್ಬರು ಮೂವರು ಹಂಚಿಕೊಳ್ಳುವವರಿಗೆ ಕೆಲವು ಸಾವಿರ ರೂಪಾಯಿಯ ಈ ಖರ್ಚು ದಂಡವಲ್ಲ. ನಮ್ಮ ಮನೆಯಲ್ಲಿ ಹಗಲೆಲ್ಲ ನನ್ನ ಎತ್ತರಕ್ಕಿರುವ ಪರದೆ ಸಂಜೆ ಆರರ ಮೇಲೆ ಒಂದು ಗೇಣು ಕೆಳಗಿಳಿಯುತ್ತದೆ. ಆರನೇ ತರಗತಿಯ ಅಣ್ಣನ ಮಗಳು ಪಾಠ ನೋಡುವ ಹೊತ್ತು ಅದು. ರಾತ್ರಿ ಊಟವಾದ ಮೇಲೆ ಇಡೀ ಪರದೆ ಪಡಸಾಲೆಯ ಕಡೆಗೆ ತಿರುಗುತ್ತದೆ, ದೂರದಲ್ಲಿರುವ ಅಕ್ಕ ವಿಡಿಯೊ ಕರೆಯಲ್ಲಿ ಬರುತ್ತಾಳೆ, ಅಮ್ಮ ಮಣೆಯ ಮೇಲೆ ಕೂತೇ ಮಾತಾಡುತ್ತಾಳೆ.

ಆ ಅಣ್ಣನ ಮಗಳ ನೆನಪಿನಿಂದಲೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಮಕ್ಕಳಿಗೆಂದು ಕಂಪ್ಯೂಟರು ಬಂದಿವೆ. ಬಹಳ ಸಂತೋಷ. ಆದರೆ ಅವುಗಳನ್ನು ದೊಡ್ಡವರ ಮೇಜಿನ ಮೇಲೆ ದೊಡ್ಡವರ ಎತ್ತರಕ್ಕೆ ಇಟ್ಟರೆ ಹತ್ತು ವರ್ಷದ ಮಗು ಕತ್ತು ಎತ್ತಿ, ಕಾಲು ಗಾಳಿಯಲ್ಲಿ ತೂಗಾಡಿಸುತ್ತಾ ಕೂರಬೇಕಾಗುತ್ತದೆ. ಪಂಚಾಯಿತಿಯ ಸದಸ್ಯರು, ಗ್ರಂಥಪಾಲಕರು, ಮೇಷ್ಟ್ರುಗಳು ಇದನ್ನು ಕೇಳುತ್ತಿದ್ದರೆ, ಒಂದು ಸಂಜೆ ಅಲ್ಲಿ ಹೋಗಿ ಮಗುವಿನ ಪಕ್ಕ ನಿಂತು ನೋಡಿ. ಒಂದಾದರೂ ಪರದೆ ಏರಿಳಿಯುವ ತೋಳಿನ ಮೇಲಿರಲಿ. ಅದು ಆಗದಿದ್ದರೆ ಪರದೆಯನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ ಇಳಿಸಿ, ಕಾಲಿನ ಕೆಳಗೆ ಒಂದು ಮಣೆ ಇಡಿ.

ಮನೆಯಿಂದ ದುಡಿಯುವ ಬಂಧುಗಳು ನಾಳೆ ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಬಡಗಿಯ ಟೇಪು ತೆಗೆದುಕೊಳ್ಳಿ. ನೆಲದಿಂದ ನಿಮ್ಮ ಕಣ್ಣಿಗೆ ಎಷ್ಟು, ಪರದೆಯ ಮೇಲಂಚಿಗೆ ಎಷ್ಟು, ಮೇಜಿನ ಹಲಗೆ ಎಷ್ಟು ದಪ್ಪ, ಗೋಡೆಗೆ ಎಷ್ಟು ದೂರ, ಈ ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ. ತೋಳು ಕೊಳ್ಳುವುದೋ ಇಟ್ಟಿಗೆ ಇಡುವುದೋ ಆಮೇಲೆ ತೀರ್ಮಾನಿಸಿ.